ಸಹಾಯ ಬೇಕು: ಅಂತರರಾಷ್ಟ್ರೀಯ ಒಪ್ಪಂದಗಳ ಟಿಪ್ಪಣಿ ನೋಡಿಕೊಡುವವರು

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಕೆಎಎಸ್‌ಗೆ ಓದುತ್ತಿರುವ ಕನ್ನಡ ಮಾಧ್ಯಮದವರಿಗೆ ಅಂತರರಾಷ್ಟ್ರೀಯ ಕಾನೂನಿನ ನಾಲ್ಕು ಪುಟದ ಟಿಪ್ಪಣಿ ಮಾಡಿದ್ದೇವೆ. ಝೆರಾಕ್ಸ್‌ಗೆ ಕೊಡುವ ಮುಂಚೆ ಕಾನೂನು ಕಾಲೇಜಿನ ಸರ್, ಮೇಡಂ ಯಾರಾದರೂ ಒಮ್ಮೆ ಓದಿ ತಪ್ಪಿದ್ದರೆ ಹೇಳಬೇಕು.

ಹೆಚ್ಚಿನವರು ಎಡವುವುದು ಸಹಿ ಮತ್ತು ಅನುಮೋದನೆಯಲ್ಲಿ (ಅಂದರೆ ಸಹಿಯ ನಂತರ ಒಪ್ಪಂದಕ್ಕೆ ಬದ್ಧವೆಂದು ದೇಶ ವಿಧಿವತ್ತಾಗಿ ಒಪ್ಪುವುದು). ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದಿಸಿಲ್ಲ. ಸಹಿ ಹಾಕಿದ ಮಾತ್ರಕ್ಕೆ ಅದರ ಕಲಮುಗಳು ನಮಗೆ ಬದ್ಧವಾಗುವುದಿಲ್ಲ. ಅನುಮೋದಿಸಿದರೂ ದೇಶದೊಳಗಿನ ಕಾನೂನು ತಾನಾಗಿ ಬದಲಾಗದು. ಸಂಸತ್ತು ಕಾಯ್ದೆ ಮಾಡಬೇಕು. ಅದಕ್ಕೇ ಸಂವಿಧಾನದ 253ನೇ ವಿಧಿ. ವಿಷಯ ರಾಜ್ಯಪಟ್ಟಿಯದ್ದಾದರೂ (ಸಾಮಾನ್ಯವಾಗಿ ರಾಜ್ಯಗಳೇ ಕಾನೂನು ಮಾಡುವ ವಿಷಯ) ಸಂಸತ್ತಿಗೆ ಈ ಅಧಿಕಾರ ಉಂಟು, ಇದನ್ನು ಬರೆಯುವವರೇ ಕಡಿಮೆ.

ಇನ್ನೊಂದು ಗೊಂದಲ ನಮ್ಮ ಭಾಗದ್ದೇ. ಸಿಂಧೂ ಒಪ್ಪಂದದ ಪಕ್ಕದಲ್ಲಿ ತುಂಗಭದ್ರೆಯನ್ನೂ ಸೇರಿಸಿಬಿಡುತ್ತಾರೆ! 1960ರ ಸಿಂಧೂ ಒಪ್ಪಂದ ಎರಡು ದೇಶಗಳದ್ದು. ತುಂಗಭದ್ರೆಯದು ರಾಜ್ಯಗಳ ನಡುವಿನ ಹಂಚಿಕೆ: 262ನೇ ವಿಧಿ, 1956ರ ಅಂತರರಾಜ್ಯ ನದಿ ನೀರಿನ ವಿವಾದ ಕಾಯ್ದೆ, ನ್ಯಾಯಮಂಡಳಿ.

ಷರತ್ತು ಹಾಕಿ ಒಪ್ಪಂದ ಸೇರುವ ಭಾಗ ಮಾತ್ರ ಇನ್ನೂ ತೆಳ್ಳಗಿದೆ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣಾ ಒಡಂಬಡಿಕೆಯ 29(1)ಕ್ಕೆ (ದೇಶಗಳ ನಡುವಿನ ವಿವಾದ ಮಧ್ಯಸ್ಥಿಕೆಗೆ, ಅಲ್ಲೂ ಆಗದಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗುವ ಕಲಮು) ಭಾರತ ಒಪ್ಪದಿರುವುದನ್ನು ಕೊಟ್ಟಿದ್ದೇವೆ. ಇದಕ್ಕಿಂತ ಸರಳ ಉದಾಹರಣೆ ಇದ್ದರೆ ತಿಳಿಸಿ. ಬಳ್ಳಾರಿ, ಕೊಪ್ಪಳದವರೂ ಆಗಬಹುದು, ಇನ್‌ಬಾಕ್ಸ್ ಮಾಡಿದರೆ ಪಿಡಿಎಫ್ ಕಳಿಸುತ್ತೇವೆ.