ಪದ ಬೇಕು: ‘ನೆಕ್ಸ್ಟ್ ಮೈಕಲ್ ವಿಕ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಸ್ವಲ್ಪ ಅರ್ಜೆಂಟ್. ಅಮೆರಿಕನ್ ಫುಟ್‌ಬಾಲ್ ಬಗ್ಗೆ 2018ರ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ, ರಾತ್ರಿಯೊಳಗೆ ಕಳಿಸಬೇಕು. ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು 2016ರಲ್ಲಿ ಗೆದ್ದ ಲೂಯಿವಿಲ್ ಕಾಲೇಜಿನ ಹುಡುಗ ಲಮಾರ್ ಜಾಕ್ಸನ್‌ನನ್ನು ಅದರಲ್ಲಿ ‘ನೆಕ್ಸ್ಟ್ ಮೈಕಲ್ ವಿಕ್’ ಅಂದಿದ್ದಾರೆ. ವಿಕ್ 2001ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಅಟ್ಲಾಂಟಾ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯಬೇಕಾದವನು ತಾನೇ ಹಿಡಿದುಕೊಂಡು ಓಡಿಬಿಡುತ್ತಿದ್ದ. ‘ಮುಂದಿನ ವಿಕ್’ ಕನ್ನಡ ಅನ್ನಿಸುತ್ತಿಲ್ಲ. ‘ಜೂನಿಯರ್ ವಿಕ್’ ಅಂದರೆ ಆರ್ಕೆಸ್ಟ್ರಾದ ಜೂನಿಯರ್ ರಾಜ್‌ಕುಮಾರ್ ನೆನಪಾಗುತ್ತಾರೆ. ‘ವಿಕ್‌ನನ್ನು ಸರಿಗಟ್ಟುವ’ ನಡೆಯುತ್ತಾ?

——

ನೆಕ್ಸ್ಟೂ ಬೇಡ, ಜೂನಿಯರ್ರೂ ಬೇಡ. ‘ಪಡಿಯಚ್ಚು’ ಎಂಬ ಅಚ್ಚಗನ್ನಡ ಪದ ಇದೆಯಲ್ಲ. ವಿಕ್‌ನ ಪಡಿಯಚ್ಚು. ಮುಗೀತು. ಹಾಗೇ ಆ ಕ್ವಾರ್ಟರ್‌ಬ್ಯಾಕನ್ನೂ ‘ಕಾಲ್ಬೆನ್ನಿಗ’ ಮಾಡಿಬಿಡಿ. ಎಷ್ಟು ದಿನ ಅಂತ ಸಾಲದ ಪದದಲ್ಲೇ ಸಂಸಾರ?

——

ಅಚ್ಚಗನ್ನಡವಂತೆ! ‘ಪಡಿ’ ಎಂಬುದು ‘ಪ್ರತಿ’ಯ ತದ್ಭವ ಸ್ವಾಮಿ. ‘ಕಾಲ್ಬೆನ್ನಿಗ’ ಓದಿದವರು ನೋವು ಕಾಲಿಗೋ ಬೆನ್ನಿಗೋ ಎಂದು ಕೇಳುತ್ತಾರೆ. ಅದೂ ಅಲ್ಲದೆ ವಿಕ್ ಎಡಗೈಯವನು, ಜಾಕ್ಸನ್ ಎಸೆಯುವುದು ಬಲಗೈಯಲ್ಲಿ. ಯಾವ ಸೀಮೆಯ ಪಡಿಯಚ್ಚು ಇದು? ಈ ಕೆಲಸಕ್ಕೆ ನಮ್ಮಲ್ಲಿ ‘ಅಭಿನವ’ ಇದೆ. ನಾಗಚಂದ್ರ ಅಭಿನವಪಂಪ ಎನಿಸಿಕೊಂಡ. ಅಭಿನವ ವಿಕ್ ಎಂದು ಬರೆಯಿರಿ.

——

ಕನ್ನಡಿಯಲ್ಲಿ ಎಡ ಬಲ ಆಗಲ್ವಾ? ಹಾಗಾದರೆ ‘ಪಡಿನೆಳಲು’ ಎನ್ನಿ, ಇನ್ನೂ ಚೆನ್ನ. ತದ್ಭವವೇ ಇರಲಿ, ಕನ್ನಡದ ಬಾಯಲ್ಲಿ ನುರಿದು ನಮ್ಮದಾಗಿದೆ. ‘ಅಭಿನವ’ ಮಠದ ಸ್ವಾಮಿಗಳಿಗಿರಲಿ.

——

ಕೇಳಿದ್ದೊಂದು, ನೀವಿಬ್ಬರೂ ಹಿಡಿದಿರುವುದು ಇನ್ನೊಂದು.

‘ಸರಿಗಟ್ಟು’ ಬೇಡ, ಆಗ ಜಾಕ್ಸನ್ ಇನ್ನೂ ವಿಕ್‌ನನ್ನು ಸರಿಗಟ್ಟಿರಲಿಲ್ಲ. 2018ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಕೊನೆಯವನಾಗಿ, 32ನೆಯ ಆಯ್ಕೆಯಲ್ಲಿ ಬಾಲ್ಟಿಮೋರ್ ತಂಡಕ್ಕೆ ಹೋದ. ಇವನು ಎಸೆಯುವುದು ಬಿಟ್ಟು ಚೆಂಡು ಹಿಡಿಯುವ ಜಾಗಕ್ಕೆ ಹೋಗಲಿ ಎಂದವರೂ ಇದ್ದರು. ಅಂದರೆ ಆ ಹೋಲಿಕೆಯಲ್ಲಿ ಹೊಗಳಿಕೆ ಎಷ್ಟಿದೆಯೋ ‘ಓಡೋದಷ್ಟೇ ಗೊತ್ತು’ ಎಂಬ ಕೊಂಕೂ ಅಷ್ಟೇ ಇದೆ. ‘ಅಭಿನವ’ ಬರೀ ಬಿರುದು, ಕೊಂಕು ಹೋಗಿಬಿಡುತ್ತದೆ. ಸುಮ್ನೆ ‘ಇನ್ನೊಬ್ಬ ವಿಕ್’ ಎನ್ನಿ. ‘ಬಂದ ನೋಡು ಇನ್ನೊಬ್ಬ’ ಅನ್ನುವಾಗಿನ ದನಿ ಅದರಲ್ಲಿದೆ, ಮೆಚ್ಚುಗೆಗೂ ಆಗುತ್ತದೆ, ಕುಟುಕುವುದಕ್ಕೂ ಆಗುತ್ತದೆ. ಕೊನೆಗೆ ಟಿಪ್ಪಣಿ ಹಾಕುವುದಾದರೆ ಅಲ್ಲಿ ‘ಮೀರಿಸಿದ’ ಸರಿ. ಒಂದೇ ಸೀಸನ್ನಿನಲ್ಲಿ ಕ್ವಾರ್ಟರ್‌ಬ್ಯಾಕ್ ಓಡಿದ ದೂರದಲ್ಲಿ 2006ರ ವಿಕ್‌ದು 1,039 ಗಜದ ದಾಖಲೆ, ಜಾಕ್ಸನ್ 2019ರಲ್ಲಿ 1,206 ಗಜ ಓಡಿದ. ಎಸೆತವೇ ಬಾರದು ಅನ್ನಿಸಿಕೊಂಡವನು ಆ ವರ್ಷ ಟಚ್‌ಡೌನ್ ಪಾಸ್‌ಗಳಲ್ಲೂ, ಅಂದರೆ ಅಂಕ ತಂದುಕೊಡುವ ಎಸೆತಗಳಲ್ಲೂ, ಲೀಗಿಗೇ ಮೊದಲಿಗ, 36.

——

‘ಗಜ’ ಪಾರ್ಸಿಯಿಂದ ಬಂದದ್ದು. ನಮ್ಮ ‘ಮೊಳ’ಕ್ಕೆ ಏನಾಗಿದೆ?

——

1,206 ಗಜ ಅಂದರೆ 2,412 ಮೊಳ. ಆ ವಾಕ್ಯವನ್ನು ಹೂವು ಮಾರುವವರಿಗೆ ಕೊಡಿ.

——

‘ಇನ್ನೊಬ್ಬ ವಿಕ್’ ಹಾಕಿ ಕಳಿಸಿದೆ, ಎಲ್ಲರಿಗೂ ಥ್ಯಾಂಕ್ಸ್. ಕ್ವಾರ್ಟರ್‌ಬ್ಯಾಕ್, ಗಜ ಎರಡೂ ಹಾಗೇ ಇವೆ. ಮೊಳದ ಸರ್ ಬೈಯುವುದಿದ್ದರೆ ನನಗೇ ಬೈಯಲಿ.