ಕೈಯಿಂದ ಕಟ್ಟಿದ ಕಾರಿಗೆ ಇಷ್ಟು ಬೆಲೆ ಏಕೆ?

ಪ್ರಶ್ನೆ: ಸಾಧಾರಣ ಕಾರಿಗೂ ನಾಲ್ಕು ಗಾಲಿ, ರೋಲ್ಸ್-ರಾಯ್ಸ್‌ಗೂ ನಾಲ್ಕೇ ಗಾಲಿ. ಆದರೂ ಬೆಲೆ ಹತ್ತಾರು ಪಟ್ಟು ಹೆಚ್ಚು. ಅದು ಕುಶಲಕರ್ಮಿಗಳ ಕೂಲಿಯೋ ಅಥವಾ ಬರೀ ಹೆಸರಿಗೆ ತೆರುವ ಹಣವೋ? ಈ ಉದ್ಯಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ವಾಹನ ತಯಾರಿಕೆಯ ವೆಚ್ಚವನ್ನು ಅಂದಾಜು ಮಾಡುವುದೇ ನನ್ನ ವೃತ್ತಿಯಾದ್ದರಿಂದ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡುತ್ತೇನೆ: ಸಾಧಾರಣ ಕಾರು ಅಷ್ಟು ಅಗ್ಗವಾದದ್ದು ಹೇಗೆ? 1913ರಲ್ಲಿ ಹೆನ್ರಿ ಫೋರ್ಡ್ ಅವರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಷಾಸಿ (ಕಾರಿನ ತಳಚೌಕಟ್ಟು) ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1908ರಲ್ಲಿ 850 ಡಾಲರಿನಷ್ಟಿದ್ದ ಫೋರ್ಡ್‌ನ ಮಾಡೆಲ್ ಟಿ ಕಾರಿನ ಬೆಲೆ 1920ರ ದಶಕದ ನಡುವೆ 300 ಡಾಲರಿಗಿಂತ ಕೆಳಗೆ ಬಂತು. ಕೈಯಿಂದ ಕಟ್ಟುವ ಕಾರು ಈ ಉಳಿತಾಯವನ್ನು ತಿಳಿದೇ ಬಿಟ್ಟುಕೊಡುತ್ತದೆ.

ಆದರೂ ಕೂಲಿಗಿಂತ ದೊಡ್ಡ ಹೊರೆ ಬೇರೊಂದಿದೆ. ಹೊಸ ಮಾದರಿಯೊಂದನ್ನು ರೂಪಿಸಲು ವಿನ್ಯಾಸ, ಎಂಜಿನ್ ಅಭಿವೃದ್ಧಿ, ಹಾಳೆಗಳನ್ನು ಒತ್ತುವ ಅಚ್ಚುಗಳು, ಗೋಡೆಗೆ ಗುದ್ದಿಸಿ ನೋಡುವ ಸುರಕ್ಷತಾ ಪರೀಕ್ಷೆಗಳು ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕು. ಆಮೇಲೆ ಎಷ್ಟು ಕಾರು ಮಾರಿದರೂ ಆ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬುಗಾಟಿ ಶಿರಾನ್ ಎಂಬ ಅತಿವೇಗದ ದುಬಾರಿ ಕಾರಿಗೆ ನಿಗದಿಪಡಿಸಿದ ಒಟ್ಟು ತಯಾರಿಕೆಯ ಸಂಖ್ಯೆ 500. ಒಂದೇ ಖರ್ಚನ್ನು ಐದು ಲಕ್ಷ ಕಾರುಗಳ ಮೇಲೆ ಹಂಚುವುದಕ್ಕೂ ಐನೂರರ ಮೇಲೆ ಹಂಚುವುದಕ್ಕೂ ಸಾವಿರ ಪಟ್ಟು ಅಂತರವಿದೆ. ಅದರ ಮೇಲೆ ಹದಿನಾರು ಸಿಲಿಂಡರ್, ನಾಲ್ಕು ಟರ್ಬೊಗಳ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನಗಳ) ಎಂಟು ಲೀಟರ್ ಎಂಜಿನ್ ಎಂದರೆ, ಅದರ ಬಿಡಿಭಾಗಗಳಲ್ಲಿ ಬಹುಪಾಲು ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವಂಥವಲ್ಲ.

ಇನ್ನು ಕೈಕೆಲಸ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ರೋಲ್ಸ್-ರಾಯ್ಸ್‌ನ ಪಕ್ಕದುದ್ದಕ್ಕೂ ಹೋಗುವ ಸಣ್ಣ ಗೆರೆಯನ್ನು ಈಗಲೂ ಕುಂಚದಿಂದಲೇ ಎಳೆಯುತ್ತಾರೆ. ಕೈ ತುಸು ನಡುಗಿದರೂ ಅದು ಕಣ್ಣಿಗೆ ಬೀಳುತ್ತದೆ. ಸೀಟಿಗೆ ಹೆಚ್ಚಾಗಿ ಗೂಳಿಯ ಚರ್ಮವನ್ನೇ ಆರಿಸುತ್ತಾರೆ, ಏಕೆಂದರೆ ಕರು ಹಾಕಿದ ಹಸುವಿನ ಚರ್ಮದಲ್ಲಿ ಹಿಗ್ಗಿದ ಗೆರೆಗಳು ಉಳಿದಿರುತ್ತವೆ. ಮುಳ್ಳುತಂತಿ ಗೀರಿದ ಅಥವಾ ಕೀಟ ಕಚ್ಚಿದ ಭಾಗವನ್ನು ಕತ್ತರಿಸಿ ಬಿಸಾಡುವುದರಿಂದ, ಕೊಂಡದ್ದರಲ್ಲಿ ಗಣನೀಯ ಪಾಲು ವ್ಯರ್ಥವಾಗುತ್ತದೆ. ಒಳಾಂಗಣದ ಮರದ ಪದರಗಳನ್ನು ಒಂದೇ ದಿಮ್ಮಿಯಿಂದ ಸೀಳಿ, ಎಡಬಲದ ನಾರಿನ ವಿನ್ಯಾಸ ಕನ್ನಡಿಯ ಬಿಂಬದಂತೆ ಹೊಂದುವ ಹಾಗೆ ಜೋಡಿಸುತ್ತಾರೆ. ಎಣಿಸಿ ನೋಡಿದರೆ ಈ ಗಂಟೆಗಳೂ ಪೂರ್ತಿ ಬೆಲೆಯನ್ನು ವಿವರಿಸುವುದಿಲ್ಲ. ಉಳಿದದ್ದು ಲಾಭ, ಅದರಲ್ಲೂ ಗ್ರಾಹಕರು ತಮಗಾಗಿ ಮಾಡಿಸಿಕೊಳ್ಳುವ ವಿಶೇಷ ಬಣ್ಣ, ಕಸೂತಿ, ಚಾವಣಿಯ ನಕ್ಷತ್ರದೀಪಗಳ ಮೇಲಿನ ಲಾಭ. ನೀವು ಹೇಳಿದ ಹೆಸರಿನ ಬೆಲೆ ಅಡಗಿರುವುದು ಇಲ್ಲೇ.

ಮರುಪ್ರಶ್ನೆ: ಹಾಗಾದರೆ ಕೈಯಿಂದ ಮಾಡಿದ್ದು ಯಂತ್ರದಿಂದ ಮಾಡಿದ್ದಕ್ಕಿಂತ ಮೇಲು ಎನ್ನಬಹುದೇ?

ಉತ್ತರ: ಎಲ್ಲ ಕಡೆ ಹಾಗೆನ್ನಲಾಗದು. ಬೆಸುಗೆಯಲ್ಲಿ ರೋಬಾಟ್‌ನಷ್ಟು ಏಕರೂಪತೆ ಮನುಷ್ಯನಿಗೆ ಕಷ್ಟ. ಮರ, ಚರ್ಮಗಳಂತೆ ಒಂದು ತುಂಡು ಇನ್ನೊಂದನ್ನು ಹೋಲದ ಕಡೆಯಲ್ಲಿ ಮಾತ್ರ ಕಣ್ಣೂ ಬೆರಳೂ ಯಂತ್ರವನ್ನು ಮೀರಿಸುತ್ತವೆ. ಅಷ್ಟಕ್ಕೂ ಕೈಕೆಲಸವೆಂದ ಮಾತ್ರಕ್ಕೆ ಬೆಲೆ ಆಕಾಶಕ್ಕೇರಬೇಕಿಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಮಾರ್ಗನ್ ಕಂಪನಿಯವರು ಇಂದಿಗೂ ಆ್ಯಶ್ ಮರದ ಚೌಕಟ್ಟನ್ನು ಕೈಯಿಂದಲೇ ಕೂಡಿಸಿ, ಅದರ ಮೇಲೆ ಅಲ್ಯೂಮಿನಿಯಂ ಹೊದಿಸುತ್ತಾರೆ. ಆದರೂ ಅವರ ಕಾರಿನ ಬೆಲೆ ರೋಲ್ಸ್-ರಾಯ್ಸ್ ಫ್ಯಾಂಟಮ್‌ನ ಒಂದು ಸಣ್ಣ ಪಾಲು ಮಾತ್ರ. ಒಂದು ಕಾರಣವೆಂದರೆ, ಅವರು ಎಂಜಿನ್ನನ್ನು ತಾವೇ ಅಭಿವೃದ್ಧಿಪಡಿಸದೆ ಬಿಎಂಡಬ್ಲ್ಯುನಂತಹ ದೊಡ್ಡ ತಯಾರಕರಿಂದ ಕೊಂಡು ಕೂರಿಸುತ್ತಾರೆ.