ನೋಟಿಸ್ ಬಂದದ್ದು ಚಿಕ್ಕಪ್ಪನಿಗೆ, ಜಗಳ ನಡೆದದ್ದು ಗ್ರೂಪಿನಲ್ಲಿ

ಮೈಸೂರು ಅತ್ತೆ: *ಎಲ್ಲರಿಗೂ ತಿಳಿಸಿ!!* ಇನ್ನು ಮುಂದೆ 2,000 ರೂಪಾಯಿಗಿಂತ ಜಾಸ್ತಿ ಯುಪಿಐ ಮಾಡಿದರೆ ಶೇ. 18 ಜಿಎಸ್‌ಟಿ ಕಡಿತ. ಅದಕ್ಕೇ ಬೆಂಗಳೂರಿನ ಅಂಗಡಿಯವರೆಲ್ಲ ಸ್ಕ್ಯಾನರ್ ಕಿತ್ತು ಹಾಕುತ್ತಿದ್ದಾರೆ. ಕನಿಷ್ಠ ಹತ್ತು ಜನರಿಗೆ ಕಳಿಸಿ.

ಕೆಳಗೆ ಒಂದು ಫೋಟೋ. ಯಾವುದೋ ಅಂಗಡಿಯ ಗಾಜಿನ ಮೇಲೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಬರೆದ ಕಾಗದ. ಮೆಸೇಜಿನ ತಲೆಯ ಮೇಲೆ ಎರಡು ಬಾಣದ ಗುರುತು. ಅಂದರೆ ಅದು ಎಷ್ಟೋ ಗ್ರೂಪು ಸುತ್ತಿ ನಮ್ಮ ‘ದೊಡ್ಡಮನೆ ಬಳಗ’ಕ್ಕೆ ಬಂದಿತ್ತು. ದಿನ 2025ರ ಜುಲೈ 22, ಮಂಗಳವಾರ. ಆ ವಾರ ಕರ್ನಾಟಕದಲ್ಲಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರು ಬೇರೆ ಮಾತೇ ಆಡುತ್ತಿರಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಶುಕ್ರವಾರ 25ಕ್ಕೆ ಅಂಗಡಿ ಬಂದ್ ಎಂದು ಸುದ್ದಿ ಇತ್ತು.

ನಮ್ಮ ಚಿಕ್ಕಪ್ಪನದೂ ಬೆಂಗಳೂರಿನಲ್ಲಿ ಬೇಕರಿ. ಗ್ರೂಪಿನಲ್ಲಿ ಅವರೂ ಇದ್ದಾರೆ, ಚಿಕ್ಕಮ್ಮನೂ ಇದ್ದಾರೆ. ಹೀಗಿದ್ದೂ ಮೊದಲ ಒಂದು ಗಂಟೆ ಯಾರೂ ಅವರನ್ನು ಏನೂ ಕೇಳಲಿಲ್ಲ. ನಾನು ಇದನ್ನು ಬರೆಯುತ್ತಿರುವುದೇ ಆ ಕಾರಣಕ್ಕೆ.

ಡಲ್ಲಾಸ್ ಅಣ್ಣ: ಅತ್ತೆ, ಇದಕ್ಕೆ ಆಧಾರ ಏನು? ಯಾವ ಪೇಪರಿನಲ್ಲಿ ಬಂದಿದೆ?

ಮೈಸೂರು ಅತ್ತೆ: ನಮ್ಮ ಭಜನಾ ಮಂಡಳಿಯ ಗ್ರೂಪಿನಲ್ಲಿ ಬಂತು. ಅವರ ಮಗ ಬ್ಯಾಂಕಿನಲ್ಲೇ ಇರುವುದು.

ಡಲ್ಲಾಸ್ ಅಣ್ಣ: ಅದು ಆಧಾರ ಅಲ್ಲ ಅತ್ತೆ. ಏಪ್ರಿಲ್ 18ರಂದೇ ಹಣಕಾಸು ಸಚಿವಾಲಯ ಇದು ಸುಳ್ಳು ಎಂದು ಹೇಳಿಕೆ ಕೊಟ್ಟಿದೆ. ಹುಡುಕಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ.

ದೊಡ್ಡಪ್ಪ: ಸುಳ್ಳೋ ನಿಜವೋ, ಒಂದು ಮಾತು. ದುಡಿದವನು ತೆರಿಗೆ ಕಟ್ಟಬೇಕು. ನಾನು ಮೂವತ್ತು ವರ್ಷ ಮೇಷ್ಟ್ರಾಗಿ ಸಂಬಳದಲ್ಲೇ ಕಟ್ಟಿದ್ದೇನೆ. ಒಂದು ಪೈಸೆ ಮುಚ್ಚಿಟ್ಟಿಲ್ಲ.

ಮೈಸೂರು ಅತ್ತೆ: ಅಣ್ಣ, ಮನೆ ಕಟ್ಟಿಸುವಾಗ ಸಿಮೆಂಟಿಗೆ ಬಿಲ್ ಬೇಡ, ರೇಟು ಕಮ್ಮಿ ಮಾಡಿಕೊಡಿ ಅಂದವರು ನೀವೇ ಅಲ್ವಾ?

ದೊಡ್ಡಪ್ಪ ‘ಟೈಪಿಂಗ್’ ಎಂದು ಬಂತು, ನಿಂತಿತು. ಮತ್ತೆ ಬಂತು. ಕೊನೆಗೆ ಅವರು ಕಳಿಸಿದ್ದು ಬಸವಣ್ಣನವರ ಒಂದು ವಚನದ ಚಿತ್ರ.

ಆಮೇಲೆ ಮಾತು 2016ಕ್ಕೆ ಹೋಯಿತು. ಹೋಗಿಯೇ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನೋಟು ರದ್ದಾದ ಆ ನವೆಂಬರಿನಲ್ಲಿ, ಹೊಸ 2,000ದ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಮೆಸೇಜನ್ನು ಅತ್ತೆ ಕಳಿಸಿದ್ದರು. ಆಗ ಅಂಥ ಚಿಪ್ ಇಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. ಆ ವರ್ಷ ಒಂದು ಉಪನಯನದ ಮನೆಯಲ್ಲಿ ಡಲ್ಲಾಸ್ ಅಣ್ಣ ಒಂದು ನೋಟನ್ನು ದೀಪಕ್ಕೆ ಹಿಡಿದು, “ಅತ್ತೆ, ಚಿಪ್ ಎಲ್ಲಿದೆ ತೋರಿಸಿ” ಎಂದು ಎಲ್ಲರ ಮುಂದೆ ಕೇಳಿದ್ದ. ನೋಟು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ವಾಪಸಾಯಿತು. ಅತ್ತೆಯ ನೋವು ವಾಪಸಾಗಲಿಲ್ಲ.

ಡಲ್ಲಾಸ್ ಅಣ್ಣ: ಚಿಪ್ ನೋಟಿನ ಮೆಸೇಜು ಕಳಿಸಿದವರೂ ನೀವೇ ಅಲ್ವಾ ಅತ್ತೆ? ಅದಕ್ಕೇ ಆಧಾರ ಕೇಳುವುದು. ಇದು ತಮಾಷೆಯ ವಿಷಯ ಅಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು? ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮೆಸೇಜು ನಂಬಿ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಅದಾದ ಮೇಲೆಯೇ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಎಂದು ವಾಟ್ಸಾಪ್ ಮಿತಿ ಹಾಕಿದ್ದು.

ಮೈಸೂರು ಅತ್ತೆ: ಅಂದರೆ ನಾನು ಕೊಲೆ ಮಾಡಿಸಿದೆ ಅನ್ನುತ್ತೀಯಾ? 2021ರಲ್ಲಿ ಯಾವುದೋ ಕಂಪನಿಯ ಐಪಿಒಗೆ ದುಡ್ಡು ಹಾಕಿ, ಒಂದೇ ವರ್ಷಕ್ಕೆ ಎರಡರಷ್ಟು ಅಂದೆಯಲ್ಲ, ಅದಕ್ಕೆ ಏನು ಆಧಾರ ಇತ್ತು? ನಿಮ್ಮ ಮಾವನ ರಿಟೈರ್‌ಮೆಂಟ್ ದುಡ್ಡು ಕಣೋ ಅದು. ಇವತ್ತಿಗೂ ಅರ್ಧ ಬಂದಿಲ್ಲ.

ಅಣ್ಣ ಹೇಳಿದ ಮುರ್ಕಿಯ ಮಾತು ನಿಜ. ಸುಳ್ಳು ಮೆಸೇಜಿನಿಂದ ಜೀವ ಹೋಗಿದೆ, ನಮ್ಮ ರಾಜ್ಯದಲ್ಲೇ ಹೋಗಿದೆ. ಆದರೆ ಅಂಥ ದೊಡ್ಡ ದುಃಖವನ್ನು ಅರವತ್ತೆಂಟು ದಾಟಿದ ಅತ್ತೆಯ ಬಾಯಿ ಮುಚ್ಚಿಸಲು ಬಳಸಿದ್ದು ನನಗೆ ಸರಿಬರಲಿಲ್ಲ. ಅತ್ತೆ ಹೆದರಿದ್ದರು. ತಮ್ಮನ ಅಂಗಡಿಗೆ ಏನಾಗುತ್ತದೋ ಎಂಬ ಭಯ ಇತ್ತು. ಅದನ್ನು ಬಾಯಿಬಿಟ್ಟು ಕೇಳಲಾಗದೆ ಫಾರ್ವರ್ಡ್ ಮಾಡಿದ್ದರು ಎಂದೇ ನನ್ನ ನಂಬಿಕೆ.

ಶಿವಮೊಗ್ಗ ಅಕ್ಕ: ಅಯ್ಯೋ ಜಗಳ ಬಿಡಿ. ಅಜ್ಜನ ಅಂಗಡಿ ನೆನಪಿದೆಯಾ? ಕೆಂಪು ಬಟ್ಟೆ ಹೊದಿಸಿದ ಸಾಲದ ಪುಸ್ತಕ, ಗಾಜಿನ ಭರಣಿಯಲ್ಲಿ ಬೆಣ್ಣೆ ಬಿಸ್ಕತ್ತು, ಶುಂಠಿ ಪೆಪ್ಪರ್‌ಮೆಂಟು. ಯುಗಾದಿಗೆ ಒಂದು ಸಲ ಲೆಕ್ಕ ಚುಕ್ತಾ. ಯಾವ ಸ್ಕ್ಯಾನರೂ ಇರಲಿಲ್ಲ, ಯಾವ ನೋಟಿಸೂ ಇರಲಿಲ್ಲ.

ಅಲ್ಲಿಗೆ ಎಲ್ಲರೂ ಅಜ್ಜನ ಅಂಗಡಿಗೆ ನುಗ್ಗಿದರು. ಭರಣಿ ಒಡೆದವರು ಯಾರು, ಗಲ್ಲಾಪೆಟ್ಟಿಗೆಯಿಂದ ನಾಲ್ಕಾಣೆ ತೆಗೆದವರು ಯಾರು, ಏಟು ತಿಂದವರು ಯಾರು. ದೊಡ್ಡಪ್ಪ ಒಂದು ಹಳೇ ಕಪ್ಪುಬಿಳುಪು ಫೋಟೋ ಹಾಕಿದರು. ಅದಕ್ಕೆ ಹೃದಯದ ಗುರುತುಗಳ ಸಾಲು. ಸಿಮೆಂಟ್ ಬಿಲ್ಲಿನ ಮಾತು ಮುಳುಗಿತು.

ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಚಿಕ್ಕಮ್ಮ ಬರೆದರು.

ಚಿಕ್ಕಮ್ಮ: ನಮಗೂ ನೋಟಿಸ್ ಬಂದಿದೆ. ಹೋದ ವಾರವೇ. ಯಾರಿಗೂ ಹೇಳಬೇಡ ಅಂದಿದ್ದರು. ಇವರು ಸರಿಯಾಗಿ ಊಟ ಮಾಡುತ್ತಿಲ್ಲ. ಸ್ಕ್ಯಾನರ್ ನಾವೂ ತೆಗೆದಿದ್ದೇವೆ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಬರೆದರು. ಎಷ್ಟಂತೆ? ಮೊದಲೇ ಯಾಕೆ ಹೇಳಲಿಲ್ಲ? ಬಂದ್‌ಗೆ ಸೇರಿ. ಸೇರಬೇಡಿ. ಎಂಎಲ್‌ಎ ಮನೆಗೆ ಹೋಗಿ. ದೊಡ್ಡಪ್ಪ, “ಲೆಕ್ಕ ಬರೆದಿಡು ಎಂದು ಎಷ್ಟು ಸಲ ಹೇಳಿದ್ದೆ” ಎಂದು ಶುರು ಮಾಡಿದರು. ಚಿಕ್ಕಪ್ಪ ಒಂದೇ ಸಾಲು ಹಾಕಿದರು: “ಅಣ್ಣ, ಈಗ ಬೇಡ.”

ನಾನು ಹಾಸನದಲ್ಲಿ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆ ವಾರ ನಮ್ಮ ಆಫೀಸಿಗೂ ಇಂಥ ಕಾಗದ ಹಿಡಿದು ಜನ ಬರುತ್ತಿದ್ದರು. ಆದ್ದರಿಂದ ಗ್ರೂಪಿಗೆ ಉದ್ದಕ್ಕೆ ಬರೆದೆ. ಇಲ್ಲೂ ಹಾಕುತ್ತೇನೆ, ಯಾಕೆಂದರೆ ಇದೇ ಗೊಂದಲ ಬೇರೆ ಮನೆಗಳಲ್ಲೂ ಇದೆ.

“ಮೊದಲು ಅತ್ತೆ ಕಳಿಸಿದ್ದು. ಯುಪಿಐ ಮಾಡಿದರೆ ಆ ಮೊತ್ತದ ಮೇಲೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಬೀಳುವುದು ಬ್ಯಾಂಕು ಶುಲ್ಕ ತೆಗೆದುಕೊಂಡರೆ, ಆ ಶುಲ್ಕದ ಮೇಲೆ. ಬ್ಯಾಂಕ್ ಖಾತೆಯಿಂದ ಅಂಗಡಿಗೆ ಮಾಡುವ ಯುಪಿಐಗೆ 2020ರ ಜನವರಿಯಿಂದ ಆ ಶುಲ್ಕವೇ ಇಲ್ಲ. 2,000 ಎಂಬ ಸಂಖ್ಯೆ ಜನರ ತಲೆಯಲ್ಲಿ ಕೂತಿರುವುದಕ್ಕೆ ಒಂದು ಕಾರಣ ಇದೆ. 2023ರ ಮಾರ್ಚಿನಲ್ಲಿ ಒಂದು ನಿಯಮ ಬಂತು. ವಾಲೆಟ್‌ನಲ್ಲಿ ತುಂಬಿಸಿಟ್ಟ ದುಡ್ಡಿನಿಂದ ಅಂಗಡಿಗೆ 2,000ಕ್ಕಿಂತ ಜಾಸ್ತಿ ಕೊಟ್ಟರೆ ಶೇ. 1.1ರವರೆಗೆ ಶುಲ್ಕ. ಅದೂ ಗ್ರಾಹಕರಿಗಲ್ಲ. ಆಗಲೂ ‘ಯುಪಿಐಗೆ ಚಾರ್ಜ್’ ಎಂದು ಮೆಸೇಜು ಓಡಾಡಿತ್ತು.

ಈಗ ನೋಟಿಸಿನ ವಿಷಯ. ಅದು ಯುಪಿಐ ಮೇಲಿನ ತೆರಿಗೆ ಅಲ್ಲ, ವ್ಯಾಪಾರದ ಮೇಲಿನದು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ 20 ಲಕ್ಷ. ದಿನಕ್ಕೆ 11,000 ರೂಪಾಯಿ ವ್ಯಾಪಾರ ಆದರೂ ವರ್ಷಕ್ಕೆ 40 ಲಕ್ಷ ದಾಟುತ್ತದೆ. ಇದು ವಹಿವಾಟು, ಲಾಭ ಅಲ್ಲ. ಹಾಲಿನ ಪ್ಯಾಕೆಟ್ಟು ಮಾರಿದರೆ ಕೈಗೆ ಉಳಿಯುವುದು ಚಿಲ್ಲರೆ, ಲೆಕ್ಕದಲ್ಲಿ ಕಾಣುವುದು ಪೂರ್ತಿ ಬೆಲೆ.

ನೋಟಿಸ್ ಎಂದರೆ ಇವತ್ತೇ ಕಟ್ಟು ಎಂದಲ್ಲ. ವಿವರಣೆ ಕೊಡಲು ಅವಕಾಶ ಇದೆ. ಹಾಲು, ಬ್ರೆಡ್ಡು, ತರಕಾರಿಗೆ ತೆರಿಗೆಯೇ ಇಲ್ಲ. ಹಾವೇರಿಯ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷದ ನೋಟಿಸ್ ಬಂದದ್ದನ್ನು ಓದಿದಿರಲ್ಲ, ತರಕಾರಿಗೆ ತೆರಿಗೆ ಇಲ್ಲ ಎಂದೇ ಅಷ್ಟು ಕೂಗಾಗಿದ್ದು. ಕೇಕು, ಬಿಸ್ಕತ್ತಿಗೆ ಮಾತ್ರ ಈ ನೋಟಿಸಿನ ವರ್ಷಗಳಲ್ಲಿ ಶೇ. 18 ಇತ್ತು.

ಚಿಕ್ಕಪ್ಪ, ಇನ್ನೊಂದು ಮುಖ್ಯ ಮಾತು. ನಿಮ್ಮ ನಂಬರಿಗೆ ಬಂದ ದುಡ್ಡೆಲ್ಲ ವ್ಯಾಪಾರದ್ದಲ್ಲ. ಅಜ್ಜಿಯ ಸೊಂಟದ ಆಪರೇಷನ್ನಿಗೆ ಎಲ್ಲರೂ ಕಳಿಸಿದ್ದು ಅದೇ ನಂಬರಿಗೆ. ಊರ ಗುಡಿಯ ಜೀರ್ಣೋದ್ಧಾರದ ವಂತಿಗೆಯೂ ಅದಕ್ಕೇ. ಅದನ್ನೆಲ್ಲ ಬೇರೆ ಮಾಡಿ ತೋರಿಸಬೇಕು.”

ಬರೆದ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಒಂದು ಮಾತನ್ನು ಗ್ರೂಪಿನಲ್ಲಿ ಬರೆಯದೆ ಅವರಿಗೇ ನೇರ ಹೇಳಿದೆ. ಮನೆಯ ದುಡ್ಡು ಕಳೆದರೆ ಒಂದೆರಡು ವರ್ಷದ ಯುಪಿಐ ಲೆಕ್ಕ 40 ಲಕ್ಷದ ಕೆಳಗೆ ಬರಬಹುದು. ಆದರೆ ಕ್ಯಾಶ್ ವ್ಯಾಪಾರವೂ ವಹಿವಾಟೇ. ತೆರಿಗೆ ಇಲ್ಲದ ಹಾಲು, ಬ್ರೆಡ್ಡೂ ನೋಂದಣಿಯ ಮಿತಿ ಲೆಕ್ಕ ಹಾಕುವಾಗ ಸೇರುತ್ತವೆ. ಸ್ಕ್ಯಾನರ್ ತೆಗೆದರೆ ಮಿತಿ ಬದಲಾಗುವುದಿಲ್ಲ. ರಾಜಿ ತೆರಿಗೆ ಪದ್ಧತಿ ಇದೆ, ಒಂದೂವರೆ ಕೋಟಿ ವಹಿವಾಟಿನವರೆಗೆ ಶೇ. 1 ಕಟ್ಟಿದರೆ ಸಾಕು, ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಮುಂದೆ ಅದಕ್ಕೆ ಸೇರುವುದು ಒಳ್ಳೆಯದು ಎಂದೆ.

“ಇಷ್ಟು ವರ್ಷ ಒಬ್ಬರೂ ಅಂಗಡಿಗೆ ಬಂದು ಇದನ್ನು ಹೇಳಲಿಲ್ಲವಲ್ಲ ಮಗಳೇ” ಎಂದರು ಚಿಕ್ಕಪ್ಪ. “ಸ್ಕ್ಯಾನರ್ ಹಾಕಿ, ಡಿಜಿಟಲ್ ಆಗಿ ಅಂದವರು ಹತ್ತು ಜನ ಬಂದಿದ್ದರು.”

ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಇಲಾಖೆ ಮಾಡಿದ್ದು ಕಾನೂನಿನ ಪ್ರಕಾರವೇ ಇರಬಹುದು. ಆದರೆ ನಾಲ್ಕು ವರ್ಷ ಸುಮ್ಮನಿದ್ದು, ಅಷ್ಟೂ ವರ್ಷದ್ದನ್ನು ಒಂದೇ ಕಾಗದದಲ್ಲಿ ಕೇಳಿದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಮನುಷ್ಯ ಏನು ಮಾಡಬೇಕು? ಮೊದಲ ವರ್ಷವೇ ಯಾರಾದರೂ ಬಂದು ತಿಳಿಸಬೇಕಿತ್ತು.

ಅಷ್ಟರಲ್ಲಿ ಗ್ರೂಪಿನಲ್ಲಿ ಇನ್ನೊಂದು ಜಗಳ ಎದ್ದಿತ್ತು. ಅಜ್ಜಿಯ ಆಪರೇಷನ್ನಿಗೆ ಯಾರು ಎಷ್ಟು ಕೊಟ್ಟರು ಎಂಬ 2022ರ ಪಟ್ಟಿಯನ್ನು ಶಿವಮೊಗ್ಗ ಅಕ್ಕ ಹುಡುಕಿ ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ಚಿಕ್ಕಪ್ಪನಿಗೆ ದಾಖಲೆ ಆಗಲಿ ಎಂದು. ಆದರೆ ಆ ಪಟ್ಟಿಯಲ್ಲಿ ಮೈಸೂರು ಅತ್ತೆಯ ಹೆಸರಿನ ಮುಂದೆ ಬರೀ ಒಂದು ಗೆರೆ ಇತ್ತು. ಪಟ್ಟಿ ಮಾಡಿದ್ದವನು ಡಲ್ಲಾಸ್ ಅಣ್ಣ.

ಮೈಸೂರು ಅತ್ತೆ: ಮೂರು ವರ್ಷದಿಂದ ಈ ಗೆರೆ ನೋಡುತ್ತಿದ್ದೇನೆ. ನಮ್ಮಮ್ಮನಿಗೆ ನಾನು ಕೊಡದೆ ಇರುತ್ತೇನಾ?

ಚಿಕ್ಕಮ್ಮ: ಅಕ್ಕ, ಸ್ಟೇಟ್‌ಮೆಂಟಿನಲ್ಲಿ ಭಾವನವರ ನಂಬರಿನಿಂದ ಬಂದದ್ದು ಇದೆ. 30,000 ಒಂದು ಸಲ, ಮತ್ತೆ 30,000. ನೋಡಿ, ಫೋಟೋ ಹಾಕಿದ್ದೇನೆ.

ಅಣ್ಣ ಅದಕ್ಕೆ ಹೆಬ್ಬೆರಳು ಒತ್ತಿದ. ಅತ್ತೆಗೆ ಅದು ಸಾಕಾಗಲಿಲ್ಲ. ಪಟ್ಟಿ ತಿದ್ದಿ ಮತ್ತೆ ಹಾಕು ಎಂದರು. ಅರ್ಧ ಗಂಟೆ ಬಿಟ್ಟು ಅವನು ತಿದ್ದಿ ಹಾಕಿದ. ನನ್ನ ಮಟ್ಟಿಗೆ ಅತ್ತೆ ಕೇಳಿದ್ದು ನ್ಯಾಯವೇ. ಆಧಾರ ಎಂದು ದಿನಾ ಕೇಳುವವರು ತಮ್ಮ ಪಟ್ಟಿಯನ್ನೂ ಒಮ್ಮೆ ತಾಳೆ ನೋಡಬೇಕಿತ್ತು.

ಮಾರನೇ ದಿನ, 23ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದರು. ತೆರಿಗೆ ಇಲ್ಲದ ಸರಕು ಮಾರುವವರಿಂದ ಹಳೇ ಬಾಕಿ ವಸೂಲು ಮಾಡುವುದಿಲ್ಲ, ನೋಂದಣಿ ಮಾತ್ರ ಮಾಡಿಸಿಕೊಳ್ಳಿ ಎಂಬ ಭರವಸೆ ಸಿಕ್ಕಿತು. ಬಂದ್ ಕೈಬಿಟ್ಟರು. ಅತ್ತೆ ಆ ಸುದ್ದಿಯ ಪೇಪರ್ ಕಟಿಂಗನ್ನು ಗ್ರೂಪಿಗೆ ಹಾಕಿದರು. ಈ ಸಲ ಪೇಪರಿನ ಹೆಸರು, ತಾರೀಖು ಕಾಣುವಂತೆ ಫೋಟೋ ತೆಗೆದಿದ್ದರು.

ಚಿಕ್ಕಪ್ಪನದು ಬರೀ ಹಾಲು, ಬ್ರೆಡ್ಡಿನ ಅಂಗಡಿ ಅಲ್ಲ. ಕೇಕು, ದಿಲ್‌ಪಸಂದ್, ಪಫ್ಸ್ ಎಲ್ಲ ಇದೆ. ಆದ್ದರಿಂದ ಉತ್ತರ ಬರೆಯಲೇಬೇಕು. ಹಾಲಿನ ಬಿಲ್ಲುಗಳನ್ನು ಚಿಕ್ಕಮ್ಮ ತಿಂಗಳ ಪ್ರಕಾರ ಜೋಡಿಸಿದ್ದಾರೆ. ಗುಡಿಯ ವಂತಿಗೆಯ ರಶೀದಿ ಪುಸ್ತಕ ಊರಿನಿಂದ ಬಂದಿದೆ. ಅಜ್ಜಿಯ ಆಪರೇಷನ್ನಿಗೆ ಡಲ್ಲಾಸ್ ಅಣ್ಣ ಕಳಿಸಿದ ದುಡ್ಡು ದೊಡ್ಡಪ್ಪನ ಖಾತೆಗೆ ಬಂದು, ಅಲ್ಲಿಂದ ಚಿಕ್ಕಪ್ಪನಿಗೆ ಹೋಗಿದೆ. ದೊಡ್ಡಪ್ಪನ ಹಳೇ ಫೋನ್ ಈಗ ಇಲ್ಲ. ಸೋಮವಾರ ಚನ್ನರಾಯಪಟ್ಟಣದ ಬ್ಯಾಂಕಿಗೆ ಹೋಗಿ ಆ ವರ್ಷದ ಸ್ಟೇಟ್‌ಮೆಂಟ್ ತರುತ್ತೇನೆ ಎಂದಿದ್ದಾರೆ. ಅದು ಕೈಗೆ ಬಂದರೆ ಅವತ್ತೇ ಉತ್ತರ ಕಳಿಸುತ್ತೇವೆ.